ಎಡ ಹೆಗಲಿನ ಬಾಸುಂಡೆ

"ಮುಚ್ಬ್ಯಾಡ ಕಣವ್ವ, ವಸಿ ತಡಿ," ಅಂತ, ವಾರದಿಂದ ದಿನಾ ಬಂದು ನಮ್ಮ ಠಾಣೆ ಬೆಂಚು ಕಾಯ್ತಿದ್ದ ದೇವಿರಮ್ಮ ಫೈಲಿನ ಮೇಲೆ ಅಂಗೈ ಊರಿಬಿಟ್ಟರು.

ಮಧ್ಯಾಹ್ನ ಎರಡೂಕಾಲು. ನನ್ನ ಊಟ ಇನ್ನೂ ಡಬ್ಬೀಲೇ ಇತ್ತು. ಹಸಿದಾಗ ನನಗೆ ಕೋಪ ಮೂಗಿನ ತುದೀಲೇ ಇರುತ್ತೆ, ಇಡೀ ಠಾಣೆಗೆ ಗೊತ್ತು.

"ಅಮ್ಮಾ, ಕೈ ತೆಗೀರಿ. ಇದು ಸರ್ಕಾರಿ ಫೈಲು."

"ಸರ್ಕಾರದ್ದೋ ಯಾರದ್ದೋ. ಅದ್ರೊಳ್ಗೆ ಇರೋದು ನನ್ ಐದ, ನನ್ ಮಗ."

ಹತ್ತು ದಿನದ ಹಿಂದೆ, ಸಂಜೆ ಆರೂವರೆಗೆ, ಬೋಗಾದಿ ಹತ್ತಿರ ರಿಂಗ್ ರಸ್ತೇಲಿ ಅವರ ಹಿರಿಮಗ ಶಿವಪ್ರಕಾಶನ ಕಾರು ರಸ್ತೆ ಬಿಟ್ಟಿಳಿದು, ಸೈಕಲ್ಲಲ್ಲಿ ಡ್ಯೂಟಿಗೆ ಹೊರಟಿದ್ದ ಒಬ್ಬ ವಾಚ್‌ಮನ್ನನ್ನ ಹೊಡೆದು, ಹೊಂಗೆ ಮರಕ್ಕೆ ಗುದ್ದಿ ನಿಂತಿತ್ತು. ಮೇಟಗಳ್ಳಿ ಫ್ಯಾಕ್ಟರಿಯೊಂದರ ಗೇಟು ಕಾಯ್ತಿದ್ದ ಆ ಸಣ್ಣಮಾದಯ್ಯ ಅಲ್ಲೇ ಹೋದ. ಶಿವಪ್ರಕಾಶ ಆಸ್ಪತ್ರೆ ದಾರೀಲಿ ಪ್ರಾಣ ಬಿಟ್ಟ. ಜೊತೇಲಿದ್ದ ಹೆಂಡತಿ ವರ್ಷಿಣಿ ಒಬ್ಬಳು ಉಳಿದಳು.

ನಾನು ನೀಲಮ್ಮ, ಸಂಚಾರ ಠಾಣೆ ಎಎಸ್‌ಐ. ಅಪಘಾತ ಆದ ಜಾಗಕ್ಕೆ ಹೋಗಿ ನಕ್ಷೆ ಬರೆಯೋದು, ಮಹಜರು ಬರೆಯೋದು ಹನ್ನೊಂದು ವರ್ಷದಿಂದ ನನ್ನ ಪಾಲಿನ ಕೆಲಸ. ವಾರಕ್ಕೆ ಮೂರು, ಹಬ್ಬ ಬಂದರೆ ಐದು. ಯೂಟರ್ನಿಗೆ ಅರ್ಧ ಕಿಲೋಮೀಟರ್ ಹೋಗಕ್ಕೆ ಸೋಮಾರಿತನ ಅಂತ ಒಬ್ಬ ಎದುರುಗಡೆಯಿಂದ ನುಗ್ಗುತಾನೆ. ಒಬ್ಬ ಹೆಲ್ಮೆಟ್ಟನ್ನ ಮೊಣಕೈಗೆ ಸಿಕ್ಕಿಸಿಕೊಂಡು ಹೋಗ್ತಾನೆ, ಇವನ ಮೆದುಳು ಮೊಣಕೈಲಿದೆಯೋ ಏನೋ. ಬಡಾವಣೆಯವರು ತಾವೇ ಹಂಪ್ ಹಾಕಿಸಿ ಬಿಳಿ ಬಣ್ಣ ಬಳಿಸೋದು ಮರೀತಾರೆ. ಇನ್ನು ಫೋನು ಬಂದಮೇಲಂತೂ ಕೇಳಲೇಬೇಡಿ. "ಏನಾಗಲ್ಲ ಬುಡು" ಅನ್ನೋ ಒಂದು ಮಾತಿಗೆ ನಮ್ಮೂರಲ್ಲಿ ಎಷ್ಟು ಹೆಣ ಬಿದ್ದಿವೆ ಅಂತ ನನ್ನನ್ನ ಕೇಳಿ.

ಇಷ್ಟಕ್ಕೆಲ್ಲ ನಾವು ಬರೆಯೋದು ಮಾತ್ರ ಒಂದೇ ಸಾಲು: 'ಚಾಲಕನ ಅತಿವೇಗ ಹಾಗೂ ನಿರ್ಲಕ್ಷ್ಯತನವೇ ಅಪಘಾತಕ್ಕೆ ಕಾರಣ.' ಹಳೇ ಫೈಲಿಂದ ಕಾಪಿ ಹೊಡೆದು ಹೆಸರು, ಗಾಡಿ ನಂಬರು ಬದಲಾಯಿಸಿದರೆ ಮುಗೀತು. ಈ ಫೈಲಿಗೂ ಹಂಗೇ ಮಾಡಿದ್ದೆ. ಓಡಿಸಿದವನೇ ಸತ್ತಿದ್ದರಿಂದ ಕೊನೇಲಿ ಇನ್ನೊಂದು ಸಾಲು: 'ಆರೋಪಿಯು ಮೃತಪಟ್ಟಿರುವುದರಿಂದ ಪ್ರಕರಣ ಮುಕ್ತಾಯ.' ಐದು ಗಂಟೆಗೆ ಕೋರ್ಟ್ ಕೆಲಸದ ಪೇದೆ ಬಂದು ತಗೊಂಡು ಹೋಗೋನಿದ್ದ.

"ನಮ್ಮೈದ ಕೊಲೆಗಾರ ಅಂತ ಬರ್ದಿದ್ದೀಯಂತಲ್ಲವ್ವ," ಅಂದರು ದೇವಿರಮ್ಮ. "ಆ ವಾಚ್‌ಮನ್ ಎಂಡ್ತಿ ಬಸಮ್ಮ ಮೊನ್ನೆ ಮನೆ ಮುಂದ್ಕೆ ಬಂದು ಮಣ್ಣು ತೂರಿ ಓದ್ಲು. 'ನಿನ್ ಮಗ ಮಣ್ಣಲ್ಲೂ ನೆಮ್ಮದಿಯಾಗಿ ಮಲಗ್ದಂಗಾಗ್ಲಿ' ಅಂದ್ಲು. ನಾನು ಬಾಯ್ ಮುಚ್ಕೊಂಡು ನಿಂತಿದ್ದೆ. ಅವ್ಳ ಸಂಕಟ ಅವ್ಳಿಗೆ. ಆದ್ರೆ ನನ್ ಸಿವಪ್ರಕಾಸ ಅಂಗೆ ಓಡ್ಸೋನಲ್ಲ ಕಣವ್ವ. ನಲವತ್ತರ ಮೇಲೆ ಓಗೋನೇ ಅಲ್ಲ."

ಎಲ್ಲ ತಾಯಂದಿರೂ ಹೇಳೋದು ಇದನ್ನೇ. ನೂರಿಪ್ಪತ್ತರಲ್ಲಿ ಹೋಗಿ ಲಾರಿ ಕೆಳಗೆ ಸೇರಿದವನ ತಾಯಿನೂ ನನ್ನ ಮುಂದೆ ಇದನ್ನೇ ಹೇಳಿ ಅತ್ತಿದಾಳೆ. ನಾನು ಫೈಲನ್ನ ಮೆಲ್ಲಗೆ ನನ್ನ ಕಡೆ ಎಳಕೊಂಡೆ.

"ನಾಳೆ ಅನ್ನೊಂದ್ನೇ ದಿನದ ತಿಥಿ," ಅಂತ ಅವರು ಬಿಡದೆ ಮುಂದುವರಿಸಿದರು. "ಬಂದೋರ ಮುಂದೆ ಏನಂತ ತಲೆ ಎತ್ಲಿ? ಆವತ್ತು ಆಸ್ಪತ್ರೆಯಿಂದ ತಂದ್ಮೇಲೆ ನಾನೇ ಮೈಗೆ ನೀರುಯ್ದೆ. ಎಲ್ರೂ ಬ್ಯಾಡ ಅಂದ್ರು, ನಾನು ಕೇಳ್ನಿಲ್ಲ. ಎತ್ತೋಳು ನಾನು, ಕೊನೇ ನೀರೂ ನನ್ ಕೈಯಿಂದ್ಲೇ ಆಗ್ಲಿ ಅಂದೆ. ಎದೆ ಮ್ಯಾಲೆ ಕರ್ರಗೆ ಬಾಸುಂಡೆ ಎದ್ದಿತ್ತು. ಸೆರಗು ಒದ್ದಂಗೆ, ಎಡ ಎಗ್ಲಿಂದ ಈ ಕಡೆ ಬಲಗಡೆ ಸೊಂಟದ್ ಗಂಟ. ಎಷ್ಟು ಉಜ್ಜುದ್ರೂ..."

ಸೆರಗಿನ ತುದಿ ಬಾಯಿಗೆ ಒತ್ತಿಕೊಂಡರು.

ನನ್ನ ಕೈ ಅಲ್ಲೇ ನಿಂತಿತು. "ಯಾವ ಹೆಗಲು ಅಂದ್ರಿ?"

"ಎಡದ್ದು. ಯಾಕವ್ವ?"

ನಾನು ಫೈಲು ಬಿಚ್ಚಿ ಮರಣೋತ್ತರ ಪರೀಕ್ಷೆ ವರದಿ ತೆಗೆದೆ. ನಾವು ಯಾವಾಗಲೂ ಓದೋದು ಅದರ ಕೊನೇ ಸಾಲು ಒಂದನ್ನೇ, ಸಾವಿಗೆ ಕಾರಣ ಏನು ಅನ್ನೋದನ್ನ. ಆವತ್ತು ಮೊದಲ ಪುಟದಿಂದ ಓದಿದೆ. ಮೂರನೇ ಗಾಯ: ಎಡ ಹೆಗಲಿಂದ ಬಲ ಸೊಂಟದವರೆಗೆ ಓರೆಯಾಗಿ ಪಟ್ಟಿಯಂಥ ಕಂದಿದ ಗುರುತು.

ಅದು ಸೀಟ್ ಬೆಲ್ಟಿನ ಗುರುತು. ನಮ್ಮ ಗಾಡಿಗಳಲ್ಲಿ ಡ್ರೈವರ್ ಕೂರೋದು ಬಲಗಡೆ. ಅವನ ಬೆಲ್ಟು ಬಲ ಹೆಗಲ ಮೇಲಿಂದ ಎಡ ಸೊಂಟಕ್ಕೆ ಇಳಿಯುತ್ತೆ. ಸೆರಗಿನ ಹಾಗೆ ಎಡ ಹೆಗಲಿಂದ ಇಳಿಯೋದು ಪಕ್ಕದ ಸೀಟಿನವರಿಗೆ.

ಶಿವಪ್ರಕಾಶ ಕಾರು ಓಡಿಸ್ತಾ ಇರಲಿಲ್ಲ.

ನೀಲಮ್ಮ, ನಿನ್ನ ಬುದ್ಧಿಗಿಷ್ಟು ಬೆಂಕಿ ಹಾಕ, ಅಂತ ನನ್ನನ್ನೇ ನಾನು ಬೈಕೊಂಡೆ. ಆವತ್ತು ನಾನು ಹೋಗೋ ಹೊತ್ತಿಗೆ ಜನ ಎಲ್ಲರನ್ನೂ ಹೊರಗೆಳೆದು ರಸ್ತೆ ಪಕ್ಕ ಮಲಗಿಸಿದ್ದರು. ಗಂಡ ಹೆಂಡತಿ ಕಾರಲ್ಲಿ ಹೊರಟರೆ ಗಂಡನೇ ಓಡಿಸ್ತಿರ್ತಾನೆ ಅನ್ನೋದು ನಮ್ಮ ತಲೇಲಿ ಕೂತುಬಿಟ್ಟಿದೆ. ಆಸ್ಪತ್ರೇಲಿ ವರ್ಷಿಣಿನ ಕೇಳಿದ್ದೂ ಹಾಗೇ, "ನಿಮ್ಮ ಯಜಮಾನ್ರೇ ಓಡಿಸ್ತಿದ್ರಾ ತಾಯಿ?" ಅಂತ. ಅವಳು ತಲೆ ಆಡಿಸಿದಳು, ನಾನು ಬರಕೊಂಡೆ. ಉತ್ತರಾನ ನಾನೇ ಬಾಯಿಗಿಟ್ಟು ಕೊಟ್ಟಿದ್ದೆ.

"ಅಮ್ಮಾ, ನೀವು ಮನೆಗೆ ಹೋಗಿ. ನಾನೇ ಬರ್ತೀನಿ," ಅಂದೆ.

"ಅದ್ರಿಂದ ಅವ್ನ್ ಎಸ್ರು ತೆಗೀತೀಯಾ?"

"ನೋಡ್ತೀನಿ."

ಕಿಟಕಿ ಹೊರಗೆ ಅವರ ಕಿರಿಮಗ ರಾಜೇಶ ಸ್ಕೂಟರ್ ಮೇಲೆ ಕಾಯ್ತಾ ಕೂತಿದ್ದ. ತಾಯಿನ ಕೂರಿಸಿಕೊಂಡು, ತಿಥಿ ಸಾಮಾನು ತರಕ್ಕೆ ಲಷ್ಕರ್ ಮೊಹಲ್ಲಾ ಕಡೆ ಹೋದ.

ನಮ್ಮ ಎಸ್‌ಐ ಚಂದ್ರಮೌಳಿ ಚಿಕ್ಕ ವಯಸ್ಸಿನವರು, ಕೆಟ್ಟವರಲ್ಲ, ಆದರೆ ಮೇಜಿನ ಮೇಲೆ ಫೈಲು ಕಂಡರೆ ಮೈ ಉರಿಯುತ್ತೆ. ವಿಷಯ ಹೇಳಿದೆ.

"ನೀಲಮ್ಮೋರೆ, ಒಂದು ಬಾಸುಂಡೆ ಇಟ್ಕೊಂಡು ಮುಗಿದ ಕೇಸನ್ನ ಕೆದಕ್ತೀರಾ? ಸತ್ತೋನು ಬಂದು ತಕರಾರು ಮಾಡ್ತಾನಾ?"

"ಸತ್ತೋನು ಮಾಡಲ್ಲ ಅಂತಲೇ ಸರ್, ಅವನ ತಲೆಗೆ ಕಟ್ಟಿದ್ದು."

ಅವರು ಗಡಿಯಾರ ನೋಡಿದರು. "ಐದು ಗಂಟೆ. ಅಷ್ಟರಲ್ಲಿ ಹೇಳಿಕೆ ತಂದ್ರೆ ಸರಿ. ಇಲ್ಲಾಂದ್ರೆ ಫೈಲ್ ಹೋಗುತ್ತೆ."

ಕಾರು ಠಾಣೆ ಹಿಂದಿನ ಬಯಲಲ್ಲಿ ಬಿದ್ದಿತ್ತು. ಅಲ್ಲಿ ಅಂಥವು ನಲವತ್ತು ನಿಂತಿವೆ, ಚಕ್ರದ ಮೇಲೆಲ್ಲ ಬಳ್ಳಿ ಹಬ್ಬಿದೆ. ಒಂದರ ಹಿಂದಿನ ಸೀಟಲ್ಲಿ ಮಗುವಿನ ಒಂಟಿ ಚಪ್ಪಲಿ ಎರಡು ವರ್ಷದಿಂದ ಬಿದ್ದಿದೆ, ನಾನು ಆ ಕಡೆ ನೋಡೋದೇ ಇಲ್ಲ.

ಶಿವಪ್ರಕಾಶನ ಕಾರಿನ ಎಡಭಾಗ ಪೂರ್ತಿ ಒಳಕ್ಕೆ ಹೋಗಿತ್ತು. ಮುಂದಿನ ಎಡ ಸೀಟಿನ ಬೆಲ್ಟನ್ನ ಯಾರೋ ಹರಿತವಾದ ಬ್ಲೇಡಲ್ಲಿ ಕತ್ತರಿಸಿದ್ದರು. ಒಳಗಿದ್ದವರನ್ನ ಎಳೆಯಕ್ಕೆ ಜನ ಕತ್ತರಿಸಿದ್ದು ಅದು. ನನ್ನ ಮಹಜರಲ್ಲೇ ಇದೆ ಆ ಮಾತು, 'ಎಡಬದಿಯ ಬೆಲ್ಟ್ ತುಂಡಾಗಿರುತ್ತದೆ' ಅಂತ. ಬರೆದವಳಿಗೆ ಅದರ ಅರ್ಥ ಹೊಳೀಬೇಕಲ್ಲ.

ಬಲಗಡೆ ಬಾಗಿಲು ಎಳೆದೆ, ಸಲೀಸಾಗಿ ಬಂತು. ಡ್ರೈವರ್ ಬೆಲ್ಟು ಹೊರಗೆ ಜೋತಾಡ್ತಿತ್ತು. ಎಳೆದರೆ ಬರಲ್ಲ, ಬಿಟ್ಟರೆ ಒಳಕ್ಕೆ ಸುತ್ತಿಕೊಳ್ಳಲ್ಲ. ಡಿಕ್ಕಿ ಆದ ಗಳಿಗೇಲಿ ಮೈಮೇಲಿದ್ದ ಬೆಲ್ಟು ಮಾತ್ರ ಹೀಗೆ ಕಚ್ಚಿಕೊಂಡು ಕೂರುತ್ತೆ. ಗಾಳಿಚೀಲ ಒಡೆದು ಸ್ಟೇರಿಂಗಿನ ಮೇಲೆ ನೇತು ಬಿದ್ದಿತ್ತು. ಇಲ್ಲಿ ಕೂತಿದ್ದವರು ಬೆಲ್ಟು ಹಾಕಿದ್ದರು, ಬದುಕಿದರು, ತಾವೇ ಬಿಚ್ಚಿಕೊಂಡು ಇಳಿದರು.

ಹಾಗಾದರೆ ವರ್ಷಿಣಿನೇ ಓಡಿಸಿದಳಾ? ನನಗೆ ಮೊದಲು ಬಂದ ಯೋಚನೆ ಅದೇ. ಹಿಂದಿನ ಬಾಗಿಲು ತೆಗೆದು ಒಳಗೆ ಬಗ್ಗಿದೆ.

ಡ್ರೈವರ್ ಸೀಟಿನ ಬೆನ್ನಿಗೆ, ತಲೆ ಒರಗೋ ದಿಂಬಿನ ಹಿಂಭಾಗದಲ್ಲಿ, ಕುಂಕುಮ ಮೆತ್ತಿತ್ತು. ಅದರ ಕೆಳಗೆ ಒಣಗಿದ ರಕ್ತ. ಇನ್ನೂ ಕೆಳಗೆ, ಎರಡು ಮೊಣಕಾಲು ಗುದ್ದಿದ ತಗ್ಗು. ಅವತ್ತು ಗಂಡ ಹೆಂಡತಿ ಸಂಬಂಧಿಕರ ನಿಶ್ಚಿತಾರ್ಥ ಮುಗಿಸಿ ಬರ್ತಿದ್ದರು. ಮುತ್ತೈದೆಯರು ಹಣೆ ತುಂಬ ಇಟ್ಟು ಕಳಿಸಿದ ಕುಂಕುಮ ಅದು. ವರ್ಷಿಣಿ ಹಿಂದೆ ಕೂತಿದ್ದಳು, ಡ್ರೈವರ್ ಬೆನ್ನಿಗೆ.

ಗಂಡ ಮುಂದೆ ಎಡಕ್ಕೆ, ಹೆಂಡತಿ ಹಿಂದೆ ಬಲಕ್ಕೆ. ಸ್ಟೇರಿಂಗ್ ಹಿಡಿದಿದ್ದು ಮೂರನೆಯವರು. ಹತ್ತು ದಿನದಿಂದ ಆ ಮೂರನೆಯವರ ಹೆಸರು ಯಾರ ಬಾಯಲ್ಲೂ ಬಂದಿರಲಿಲ್ಲ.

ಬೋಗಾದಿ ಎರಡನೇ ಹಂತದಲ್ಲಿ ಅವರ ಮನೆ, ಮಹಡಿ ಮೇಲೆ. ಪಕ್ಕದಲ್ಲಿ ಕಟ್ಟಡದ ಕೆಲಸ, ಜಲ್ಲಿ ಮಿಷನ್ನು ಗಡಗಡ ಅಂತಿತ್ತು. ನಾನು ಮೆಟ್ಟಿಲು ಹತ್ತಿದಾಗ ನಾಲ್ಕಕ್ಕೆ ಹತ್ತು ನಿಮಿಷ. ವರ್ಷಿಣಿ ಒಬ್ಬಳೇ ಇದ್ದಳು. ಮೂವತ್ತೆರಡಿರಬಹುದು. ಹುಬ್ಬಿನ ನಡುವೆ ಆರು ಹೊಲಿಗೆ, ಕುಂಕುಮ ಇಡೋ ಜಾಗದಲ್ಲೇ. ಕಾಲು ಎಳೆದುಕೊಂಡು ಬಂದು ಚಾಪೆ ಹಾಸಿದಳು.

"ಕೂತ್ಕೊಳಿ ಮೇಡಂ. ಅತ್ತೆ ಅಂಗಡಿಗೆ ಹೋಗಿದಾರೆ."

"ಗೊತ್ತು. ನಿನ್ನ ಹತ್ರಾನೇ ಮಾತಾಡ್ಬೇಕು. ಮೊಣಕಾಲು ಎರಡೂ ಊದಿದೆಯಾ?"

ಅವಳು ಸೀರೆ ನಿರಿಗೆ ಕೆಳಕ್ಕೆಳೆದಳು. "ಪೆಟ್ಟಾಗಿತ್ತಲ್ಲ ಮೇಡಂ."

"ಹೆಗಲು ತೋರಿಸು ತಾಯಿ. ನಾನೂ ಹೆಂಗಸೇ."

ಅವಳು ಮೆಲ್ಲಗೆ ಸೆರಗು ಸರಿಸಿದಳು. ಎರಡು ಹೆಗಲಿನ ಮೇಲೂ ಒಂದು ಗೆರೆಯೂ ಇರಲಿಲ್ಲ.

"ಮುಂದಿನ ಸೀಟಲ್ಲಿ ಬೆಲ್ಟಿಲ್ದೆ ಕೂತಿದ್ರೆ ನೀನು ಗಾಜು ಒಡ್ಕೊಂಡು ಹೊರಗೆ ಬೀಳ್ತಿದ್ದೆ ವರ್ಷಿಣಿ. ಬೆಲ್ಟ್ ಹಾಕಿದ್ರೆ ಗುರುತಿರ್ತಿತ್ತು. ನೀನು ಕೂತಿದ್ದು ಹಿಂದೆ. ನಿನ್ನ ಕುಂಕುಮ ಇನ್ನೂ ಡ್ರೈವರ್ ಸೀಟಿನ ಬೆನ್ನಲ್ಲಿದೆ, ಈಗ ತಾನೆ ನೋಡ್ಕೊಂಡು ಬಂದೆ."

"ನನಗೇನೂ ನೆನಪಿಲ್ಲ ಮೇಡಂ."

"ನಿನ್ನ ಗಂಡ ಕೂತಿದ್ದು ಎಡಗಡೆ. ನಿಮ್ಮತ್ತೆ ಮೈತೊಳೆಯುವಾಗ ನೋಡಿದಾರೆ. ಅವರಿಗೆ ಅದರ ಅರ್ಥ ಗೊತ್ತಿಲ್ಲ, ನನಗೆ ಗೊತ್ತು. ಓಡಿಸ್ತಿದ್ದಿದ್ದು ಯಾರು?"

"ಇವರೇ."

"ಸುಳ್ಳು ಹೇಳ್ಬೇಡ."

"ಇವರೇ ಅಂದ್ನಲ್ಲ!" ಅಂತ ಕಿರುಚಿದಳು. "ಸತ್ತೋರು ವಾಪಸ್ ಬರಲ್ಲ. ಕೇಸ್ ಮುಗೀತು ಅಂದ್ರಿ ತಾನೇ? ಮುಗಿಸ್ರಿ. ನಮ್ಮನ್ನ ನಮ್ಮ ಪಾಡಿಗೆ ಬಿಡ್ರಿ!"

ನನಗೂ ರೇಗಿತು. "ಮುಗಿಸ್ತೀನಿ. ಐದು ಗಂಟೆಗೆ ಮುಗಿಯುತ್ತೆ. ಆಮೇಲೆ ನಿನ್ನ ಗಂಡ ಕಾಗದದಲ್ಲಿ ಕೊನೇ ತನಕ ಕೊಲೆಗಾರ. ಬಸಮ್ಮ ಬಂದು ಮಣ್ಣು ತೂರಿದ್ದು ಯಾರ ಮೇಲೆ? ಅನ್ಯಾಯವಾಗಿ ಸತ್ತೋನ ಮೇಲೆ. ನಿಮ್ಮತ್ತೆ ದಿನಾ ಬಂದು ನಮ್ಮ ಬೆಂಚಿನ ಮೇಲೆ ಕೂರ್ತಾರೆ. ಅವರಿಗೆ ಬೇಕಾಗಿರೋದು ಒಂದೇ, ಮಗನ ಹೆಸರು. ಅದನ್ನ ಕೊಡೋ ಶಕ್ತಿ ಇರೋದು ನಿನಗೆ ಒಬ್ಬಳಿಗೇ. ಬಾಯಿ ಮುಚ್ಕೊಂಡು ಕೂತಿದ್ದೀಯಲ್ಲಮ್ಮ, ಅವರ ಮೇಲೆ ಒಂಚೂರೂ ಕರುಣೆ ಇಲ್ವಾ ನಿನಗೆ?"

ಅವಳು ನಕ್ಕಳು. ಆ ನಗು ಕೇಳಿ ನನಗೆ ಭಯ ಆಯ್ತು.

"ಅವರ ಮೇಲಿನ ಕರುಣೆಗೇ ಮೇಡಂ ನಾನು ಬಾಯಿ ಮುಚ್ಕೊಂಡಿರೋದು."

ಹೊಳೆಯಕ್ಕೆ ನನಗೆ ಒಂದು ಗಳಿಗೆ ಬೇಕಾಯ್ತು. ಹೊಳೆದ ಮೇಲೆ ಯಾಕಾದರೂ ಬಂದೆನೋ ಅನ್ನಿಸಿತು.

"ರಾಜೇಶ," ಅಂದೆ.

ಅವಳು ಗೋಡೆಗೆ ಒರಗಿ ಕೂತುಬಿಟ್ಟಳು.

"ಸಾರಿಗೆ ಬಸ್ಸಿನ ಡ್ರೈವರ್ ಕೆಲಸಕ್ಕೆ ಅರ್ಜಿ ಹಾಕಿದ್ದ. ಟೆಸ್ಟ್ ಪಾಸಾಗಿತ್ತು, ಆಯ್ಕೆ ಪಟ್ಟಿಗೆ ಕಾಯ್ತಿದ್ದ. ಅವತ್ತು ಚಾಮರಾಜನಗರಕ್ಕೆ ಅಂತ ಮನೇಲಿ ಹೇಳಿ ಹೋಗಿದ್ದೋನು, ನಾವು ನಿಶ್ಚಿತಾರ್ಥದಿಂದ ಬರ್ತಾ ದಾರೀಲಿ ಸಿಕ್ಕಿ ಕಾರು ಹತ್ತಿದ. 'ನಾನೇ ಓಡಿಸ್ತೀನಿ ಅಣ್ಣ, ಕೈ ಪಳಗಲಿ' ಅಂದ. ಇವರು ಕೀ ಕೊಟ್ರು. ಅವನಿಗೂ ಬೆಲ್ಟು ಹಾಕಿಸಿ, ತಾವೂ ಹಾಕ್ಕೊಂಡ್ರು. ಜೋರಾಗೇನೂ ಹೋಗ್ತಿರ್ಲಿಲ್ಲ ಮೇಡಂ. ಅರವತ್ತು ಇರಬಹುದು. ಫೋನಿಗೆ ಟಿಣ್ ಅಂತ ಮೆಸೇಜ್ ಬಂತು. ಇವರು 'ಆಮೇಲೆ ನೋಡೋ' ಅಂದ್ರು. ಅವನು ತಲೆ ಬಗ್ಗಿಸಿ ಓದ್ದ. 'ಅಣ್ಣಾ, ಪಟ್ಟೀಲಿ ನನ್ನೆಸ್ರು ಬಂದದೆ ಕಣೋ!' ಅಂದ. ಇವರೂ ಖುಷಿಗೆ ಅವನ ಕಡೆ ತಿರುಗಿದ್ರು. ಅಷ್ಟೇ."

ಪಕ್ಕದ ಮಿಷನ್ನು ನಿಂತಿತ್ತು.

"ಸೈಕಲ್ಲು ಯಾರೂ ನೋಡ್ಲಿಲ್ಲ," ಅಂದಳು. "ನಾನೂ ನೋಡ್ಲಿಲ್ಲ. ನಾವು ಮೂರು ಜನಾನೂ ಆ ಫೋನ್ ನೋಡ್ತಿದ್ವಿ."

ಡ್ರೈವರ್ ಆಗಿದ್ದೀಯ ಅನ್ನೋ ಸುದ್ದಿ ಓದೋ ಎರಡು ಸೆಕೆಂಡಲ್ಲಿ ಎರಡು ಜೀವ. ನನ್ನ ಹನ್ನೊಂದು ವರ್ಷದ ಫೈಲುಗಳಲ್ಲಿ ಇಂಥ ಕಾರಣ ಒಂದೂ ಇಲ್ಲ. ಇತ್ತೋ ಏನೋ, ನಾನೇ ಕೇಳಿರಲಿಲ್ಲ.

"ಕೇಸಾದ್ರೆ ಕೆಲಸ ಹೋಗುತ್ತೆ, ಜೈಲಾಗುತ್ತೆ. ಅತ್ತೆಗೆ ಉಳಿದಿರೋನು ಅವನೊಬ್ಬ. ಒಬ್ಬನ್ನ ಮಣ್ಣು ಮಾಡಿದ್ದಾರೆ. ಇನ್ನೊಬ್ಬನ್ನ ನಾನು ಹೆಂಗೆ ಕಿತ್ಕೊಳ್ಳಲಿ ಮೇಡಂ?"

"ಏನಂದೆ ವರ್ಸಿಣಿ?"

ಬಾಗಿಲಲ್ಲಿ ದೇವಿರಮ್ಮ ನಿಂತಿದ್ದರು. ಎಷ್ಟು ಹೊತ್ತಿಂದ ನಿಂತಿದ್ದರೋ ನಮಗೆ ಗೊತ್ತಾಗಲಿಲ್ಲ. ಹಿಂದೆ ರಾಜೇಶ, ಎರಡೂ ಕೈಲಿ ಚೀಲ. ಇಪ್ಪತ್ತೆಂಟರ ಹುಡುಗ. ಇಂಥ ಸೆಕೇಲೂ ಷರ್ಟಿನ ಗುಂಡಿ ಕತ್ತಿನ ತನಕ ಹಾಕಿದ್ದ.

"ಅತ್ತಿಗೆಗೆ ತಲೆಗೆ ಪೆಟ್ಟು ಬಿದ್ದದೆ," ಅಂದ ರಾಜೇಶ ಅವಸರವಾಗಿ. "ಏನೇನೋ ಅಂತಾರೆ. ನಾನು ಆವತ್ತು ಚಾಮರಾಜನಗರದಲ್ಲಿದ್ದೆ."

"ಚೀಲ ಕೆಳಗಿಡಪ್ಪ," ಅಂದೆ. "ಷರ್ಟಿನ ಗುಂಡಿ ಬಿಚ್ಚು."

ಅವನು ಅಲ್ಲಾಡಲಿಲ್ಲ. ದೇವಿರಮ್ಮ ನನ್ನ ಮುಖ ನೋಡಿದರು, ಅವನ ಮುಖ ನೋಡಿದರು. ಆಮೇಲೆ ಅವರೇ ಹತ್ತಿರ ಹೋಗಿ ಗುಂಡಿ ಬಿಚ್ಚಿದರು. ಒಂದು, ಎರಡು, ಮೂರು. ಬಲ ಹೆಗಲಿಂದ ಎಡಕ್ಕೆ ಇಳಿದ ಪಟ್ಟಿ ಹಳದಿ ತಿರುಗಿತ್ತು, ಆದರೂ ಎದ್ದು ಕಾಣ್ತಿತ್ತು.

ಆ ತಾಯಿ ಅಳಲಿಲ್ಲ. ಬಾಸುಂಡೆ ಮೇಲೆ ಬೆರಳು ಆಡಿಸಿದರು. ಆಮೇಲೆ ಒಂದೊಂದೇ ಗುಂಡಿ ವಾಪಸ್ ಹಾಕಕ್ಕೆ ಶುರು ಮಾಡಿದರು.

"ಬರ್ಕೊಳವ್ವ," ಅಂದರು ನನ್ನ ಕಡೆ ತಿರುಗದೆ. "ಕಾರು ಓಡುಸ್ತಿದ್ದೋನು ನನ್ ಸಿವಪ್ರಕಾಸ. ನಾನೇ ಯೋಳ್ತಾ ಇವ್ನಿ. ಬಸಮ್ಮ ಬಂದು ದಿನಾ ಮಣ್ಣು ತೂರ್ಲಿ, ನಾನು ತಲೆ ಕೊಡ್ತೀನಿ. ಎಬ್ಬೆಟ್ಟು ಎಲ್ಲಿ ಒತ್ಬೇಕು ತೋರ್ಸು."

ಇಷ್ಟು ದಿನ ಯಾವ ಹೆಸರಿಗೋಸ್ಕರ ನಮ್ಮ ಬೆಂಚು ಕಾದಿದ್ದರೋ, ಅದನ್ನ ತಮ್ಮ ಕೈಯಾರ ಕೆಡವಿದರು. ನನ್ನ ಫೋನು ಬಡಕೊಳ್ಳಕ್ಕೆ ಶುರುವಾಯ್ತು, ಠಾಣೆಯಿಂದ ಚಂದ್ರಮೌಳಿ. ಎತ್ತಲಿಲ್ಲ. ಬಾಸುಂಡೆ ಇನ್ನೆರಡು ದಿನಕ್ಕೆ ಮಾಸಿ ಹೋಗುತ್ತೆ. ವರ್ಷಿಣಿ ಬಾಯಿಬಿಟ್ಟು ಹೇಳಿಕೆ ಕೊಡದೆ ನನ್ನ ಕೈಲಿ ಏನೂ ನಿಲ್ಲಲ್ಲ.

"ನೀನು ಹೇಳು ವರ್ಷಿಣಿ," ಅಂದೆ. "ಏನಂತ ಬರ್ಕೊಳ್ಳಲಿ?"

ವರ್ಷಿಣಿ ಗೋಡೆ ಹಿಡಿದು ಎದ್ದಳು. ರಾಜೇಶ "ಅತ್ತಿಗೆ, ಬೇಡ" ಅಂದ.

"ಅತ್ತೆ, ಒಂದು ಮಾತು ನಿಮಗೆ ಹೇಳಿಲ್ಲ. ಕಾರು ನಿಂತಾಗ ಇವರಿಗೆ ಜ್ಞಾನ ಇತ್ತು. ಸಿಕ್ಕಾಕ್ಕೊಂಡಿದ್ರು, ಮಾತಾಡ್ತಿದ್ರು. ರಾಜೇಶ ಇಳಿದು ನನ್ನ ಕಿಟಕಿ ಹತ್ರ ಬಂದು, 'ಅಣ್ಣನೇ ಓಡುಸ್ತಿದ್ದ ಅನ್ನು ಅತ್ತಿಗೆ' ಅಂದ. ಇವರು ಅದನ್ನ ಕೇಳಿಸ್ಕೊಂಡ್ರು. 'ಆಯ್ತು ಕಣೋ, ಹಂಗೇ ಅನ್ನಲಿ. ಮೊದ್ಲು ಈ ಬೆಲ್ಟ್ ಬಿಚ್ಚೋ, ಉಸಿರು ಕಟ್ತಾ ಅದೆ' ಅಂದ್ರು. ಎರಡು ಸಲ ಅಂದ್ರು. ಇವನು ಬಿಚ್ಚಲಿಲ್ಲ ಅತ್ತೆ. ಜನ ಬರೋದು ಕಂಡು ಓಡಿಹೋದ."

ಕೊನೇ ಗುಂಡಿ ಮೇಲೆ ದೇವಿರಮ್ಮನ ಬೆರಳು ನಿಂತಿತು.

"ನಿಜವೇನ್ಲಾ ರಾಜೇಸ?"

ರಾಜೇಶ ತಾಯಿ ಮುಖ ನೋಡಲಿಲ್ಲ, ಬಾಗಿಲ ಕಡೆ ನೋಡಿದ. ದೇವಿರಮ್ಮ ಆ ಗುಂಡಿ ಹಾಕದೆ ಕೈ ತೆಗೆದು, ನನ್ನ ಕಡೆ ತಿರುಗಿದರು.